ಮಾರನೇ ದಿನದ ಸೀರೆ

ಲೈಂಗಿಕ ಅಲ್ಪಸಂಖ್ಯಾತರ ರಾಜಕೀಯ ಬಟ್ಟೆಯ ಕಲೆಯಲ್ಲಿದೆ ಅಂತ ವಿಮರ್ಶಕರು ಬರೆಯುತ್ತಿದ್ದಾರೆ. 1987ರಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಹಾಸಿದ ಏಡ್ಸ್ ಕೌದಿಯನ್ನು ತೋರಿಸುತ್ತಾರೆ. ಅದರ ಒಂದೊಂದು ತುಂಡೂ ಆರಡಿ ಉದ್ದ, ಮೂರಡಿ ಅಗಲ, ಗೋರಿಯ ಅಳತೆ. ಸತ್ತವರ ಹೆಸರನ್ನು ಅವರನ್ನು ಪ್ರೀತಿಸಿದವರೇ ಹೊಲಿದರು. ದೊಡ್ಡ ಕೆಲಸ, ಒಪ್ಪುತ್ತೇವೆ.

ನಮ್ಮ ಪಾಲಿಬೆಟ್ಟದ ಕಡೆ ನೋಡಿ. ತಿತಿಮತಿ ಬಳಿಯ ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ. ಕಾಫಿ ತೋಟದಲ್ಲಿ ದುಡಿಯುವ ಜೇನುಕುರುಬ, ಯರವ ಗಂಡಸರು ಸೀರೆ-ರವಿಕೆ ತೊಟ್ಟು, ಕೈಬಿಟ್ಟು ಹೋದ ದೇವರನ್ನೇ ಬೈಯುತ್ತಾ ಕುಣಿಯುತ್ತಾರೆ, ಕಾಸು ಕೇಳುತ್ತಾರೆ. ಉಳ್ಳವರು ನಗ್ತಾ ಕೊಡ್ತಾರೆ. ಕುಣಿಯುವವರಿಗೆ ನಾವು ಹೊಸ ಹೆಸರು ಅಂಟಿಸೋದಿಲ್ಲ. ನಮ್ಮ ಪ್ರಶ್ನೆ ನಗುವವರಿಗೆ: ಅದೇ ಸೀರೆಯನ್ನು ಒಬ್ಬ ಮಾರನೇ ದಿನವೂ ಉಟ್ಟು ಕೂಲಿಗೆ ಬಂದರೆ? ಆಗಲೂ ನಗ್ತೀರಾ, ಕೆಲಸ ಕೊಡ್ತೀರಾ, ಕಲ್ಲು ಎತ್ತುತ್ತೀರಾ?

ಬಳ್ಳಾರಿ ಸೀಮೆಯ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಉಟ್ಟಿದ್ದು ಆ ಮಾರನೇ ದಿನದ ಸೀರೆ. ಮನೆ ಬಿಟ್ಟರು, ಭಿಕ್ಷೆ ಬೇಡಿದರು, ಸೀರೆ ಬಿಡಲಿಲ್ಲ. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಅದರ ಸೆರಗಿನಿಂದಲೇ ರಾಷ್ಟ್ರಪತಿಗೆ ದೃಷ್ಟಿ ತೆಗೆದರು. ದೇಶವೇ ಚಪ್ಪಾಳೆ ತಟ್ಟಿತು. ಚಪ್ಪಾಳೆಯೂ ಒಂದು ದಿನದ ಹಬ್ಬವೇ ಆಗಬಾರದು.

ಬಟ್ಟೆಯ ಕಲೆಯನ್ನು ಅಳೆಯುವವರು ಮೊದಲು ಮಾರನೇ ದಿನದ ಬೀದಿಗೆ ಬರಲಿ.