ಮೊಹರಂ ಪದಗಳು ಮತ್ತು ‘ಭಾವೈಕ್ಯ’ದ ಮಿತಿ

ಉತ್ತರ ಕರ್ನಾಟಕದ ಮೊಹರಂ ಆಚರಣೆಯನ್ನು ನಮ್ಮ ಜಾನಪದ ಅಧ್ಯಯನವು ‘ಭಾವೈಕ್ಯ’ ಎಂಬ ಒಂದೇ ಪರಿಕಲ್ಪನೆಯಲ್ಲಿ ಹಿಡಿದಿಡುತ್ತ ಬಂದಿದೆ. ಇದು ಮರುಪರಿಶೀಲನೆಗೆ ಅರ್ಹವಾದುದು. ಮುದಗಲ್ಲಿನಂತಹ ಊರುಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ, ರಿವಾಯತ್ ಪದ ಹಾಡುವ ಹಿಂದೂಗಳು ತಮ್ಮ ಮನೆದೇವರನ್ನು ತೊರೆದವರಲ್ಲ. ನಂಬಿಕೆಗಳು ಬೇರೆಯಾಗಿಯೇ ಉಳಿದಿವೆ. ಹಾಗೆಂದು ಎಲ್ಲ ಮೌಲ್ಯಗಳೂ ಸಾಪೇಕ್ಷವೆಂಬ ಉದಾಸೀನತೆಯೂ ಇಲ್ಲಿಲ್ಲ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಯಜೀದನ ಸೇನೆಯಿಂದ ಹತನಾದ ಹುಸೇನನಿಗಾಗಿ ಶೋಕಿಸುವ ಈ ಪದಗಳು ನ್ಯಾಯ-ಅನ್ಯಾಯಗಳ ನಡುವೆ ತಟಸ್ಥವಾಗಿ ನಿಲ್ಲುವುದಿಲ್ಲ. ದೇವರ ವಿಷಯದಲ್ಲಿ ಭಿನ್ನತೆ, ಅನ್ಯಾಯದ ವಿಷಯದಲ್ಲಿ ಒಮ್ಮತ: ಜನಪದರ ಸಹಿಷ್ಣುತೆಯ ನೆಲೆ ಇದು. ಸಹಬಾಳ್ವೆಗೆ ಐಕ್ಯವೇ ಅನಿವಾರ್ಯವೆಂದು ಪ್ರತಿಪಾದಿಸಿದರೆ, ಭಿನ್ನತೆಯನ್ನೇ ದೋಷವೆನ್ನುವವರ ವಾದಕ್ಕೆ ಸಂಶೋಧಕರಾದ ನಾವೇ ಎಡೆಮಾಡಿಕೊಟ್ಟಂತಾಗುತ್ತದೆ.