ಮೊಹರಿಗೆ ಸೋತ ಮತ

ಔರಾದ್ ಕ್ಷೇತ್ರದ ಮತದಾರರಾದ ಸಾಲಿ ಮಾಸ್ತರರೊಬ್ಬರಿಗೆ ಭಾಲ್ಕಿಯ ಮತಗಟ್ಟೆಯಲ್ಲಿ ಡ್ಯೂಟಿ ಬಿತ್ತೆನ್ನಿ. ಲೋಕಸಭೆ ಚುನಾವಣೆಯಾದರೆ ಚಿಂತೆಯಿಲ್ಲ. ಎರಡೂ ಬೀದರ್ ಲೋಕಸಭಾ ಕ್ಷೇತ್ರದೊಳಗೇ ಇವೆ; ಚುನಾವಣಾ ಕರ್ತವ್ಯ ಪ್ರಮಾಣಪತ್ರ (ಇಡಿಸಿ) ತೋರಿಸಿ ಡ್ಯೂಟಿಯ ಮತಗಟ್ಟೆಯಲ್ಲೇ ಗುಂಡಿ ಒತ್ತಬಹುದು. ವಿಧಾನಸಭೆ ಚುನಾವಣೆ ಬಂದರೆ ಅದೇ ಮಾಸ್ತರರು ಭಾಲ್ಕಿಗೆ ಪರಕ್ಷೇತ್ರದವರು. ಅಂಚೆ ಮತಪತ್ರವೇ ಗತಿ.

ಆ ಮತಪತ್ರದ ಕಟ್ಟಳೆ ನೋಡಿ. ಮತಪತ್ರ ಒಳ ಲಕೋಟೆಗೆ. ಆ ಲಕೋಟೆಯ ಜೊತೆ ನಮೂನೆ 13ಎ ಘೋಷಣೆ ಹೊರ ಲಕೋಟೆಗೆ. ಘೋಷಣೆಗೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು, ಅದರಲ್ಲಿನ ಮತಪತ್ರದ ಕ್ರಮಸಂಖ್ಯೆ ಒಳ ಲಕೋಟೆಯದರೊಂದಿಗೆ ತಾಳೆಯಾಗಬೇಕು. ಘೋಷಣೆ ಅಪ್ಪಿತಪ್ಪಿ ಒಳ ಲಕೋಟೆ ಸೇರಿತೋ, ಒಳಗಿನ ಮತ ಯಾರಿಗೆಂದು ಬಿಚ್ಚಿಯೂ ನೋಡುವುದಿಲ್ಲ. ಊರಿಗೆಲ್ಲ ಮತ ಹಾಕಿಸಿದವರ ಮತವೇ ಕಸದ ಪಾಲು.

2023ರ ವಿಧಾನಸಭೆ ಚುನಾವಣೆಯಲ್ಲಿ ಭಾಲ್ಕಿ, ಔರಾದ್, ಬೀದರ್ ಮೂರರಲ್ಲೂ ಗೆಲುವಿನ ಅಂತರ ಸಾವಿರಗಳಲ್ಲಿತ್ತು. ಹಾಗಾಗಿ ಇಲ್ಲಿ ಲಕೋಟೆಗಳು ಫಲಿತಾಂಶ ಬದಲಿಸುವಂತಿರಲಿಲ್ಲ. ಬೆಂಗಳೂರಿನ ಜಯನಗರದಲ್ಲಿ ಆದದ್ದೇ ಬೇರೆ. ತಿರಸ್ಕೃತ ಅಂಚೆ ಮತಗಳ ಮೇಲೆ ರಾತ್ರಿಯವರೆಗೆ ಜಗಳ ನಡೆದು, ಮರುಎಣಿಕೆಯಾಗಿ, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ವಿರುದ್ಧ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದದ್ದು ಬರೀ 16 ಮತಗಳಿಂದ. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು.

ಆಂಧ್ರದಲ್ಲಿ 2024ರ ಎಣಿಕೆಗೆ ಮುನ್ನ ಇನ್ನೊಂದು ಬಗೆಯ ವ್ಯಾಜ್ಯ. 13ಎ ಮೇಲೆ ಅಧಿಕಾರಿಯ ಸಹಿಯಿದ್ದು ಹೆಸರು, ಮೊಹರು ಇಲ್ಲದಿದ್ದರೂ ಮತ ಸಿಂಧು ಎಂದಿತು ಚುನಾವಣಾ ಆಯೋಗ. ವೈಎಸ್‌ಆರ್ ಕಾಂಗ್ರೆಸ್ ಇದನ್ನು ಪ್ರಶ್ನಿಸಿತು. ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡೂ ಕೈಹಾಕಲು ಒಪ್ಪಲಿಲ್ಲ. ಆಯೋಗದ ನಿಲುವು ಸರಿಯಾಗಿಯೇ ಇತ್ತು. ಮೊಹರು ಹಾಕದ ಅಧಿಕಾರಿಯ ತಪ್ಪಿಗೆ ಮತದಾರನಿಗೇಕೆ ಶಿಕ್ಷೆ? ಆದರೆ ಮತಪತ್ರಗಳು ಪೆಟ್ಟಿಗೆ ಸೇರಿದ ಮೇಲೆ ಸ್ಪಷ್ಟೀಕರಣ ಕೊಟ್ಟರೆ ಅನುಮಾನ ಹುಟ್ಟದೇ ಇರುತ್ತದೆಯೇ? ಇಂಥ ಜಗಳ ನಮ್ಮಲ್ಲಷ್ಟೇ ಅಲ್ಲ; ಅಮೆರಿಕದ ಪೆನ್ಸಿಲ್ವೇನಿಯಾದಲ್ಲೂ ಹೊರ ಲಕೋಟೆಯ ಮೇಲೆ ತಾರೀಖು ಬರೆಯದ ಮತಗಳಿಗಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆದಿದೆ.

ಸುಧಾರಣೆ ಆಗಿಲ್ಲವೆಂದಲ್ಲ. 2023ರ ಆಗಸ್ಟ್‌ನ ಚುನಾವಣಾ ನಿಯಮ ತಿದ್ದುಪಡಿಯ ನಂತರ ಸಿಬ್ಬಂದಿ ಲಕೋಟೆಯನ್ನು ಮನೆಗೆ ಒಯ್ಯುವಂತಿಲ್ಲ. ಅವರಿಗೆಂದೇ ತೆರೆದ ಸೌಲಭ್ಯ ಕೇಂದ್ರದಲ್ಲೇ ಮತ ಹಾಕಿ ಕೊಡಬೇಕು. ಒಳ್ಳೆಯದೇ. ವೃದ್ಧರಿಗೆ ಮನೆಯಿಂದ ಮತದಾನವಂತೂ 2023ರಲ್ಲಿ ರಾಜ್ಯ ಕಂಡ ಅತ್ಯುತ್ತಮ ಕ್ರಮ. ಆದರೆ ಮರುವರ್ಷವೇ ವಯಸ್ಸಿನ ಮಿತಿಯನ್ನು 80ರಿಂದ 85ಕ್ಕೆ ಏರಿಸಿದ್ದು ಸುಧಾರಣೆಯಲ್ಲ, ಹಿಂಜರಿತ. ಔರಾದ್ ತಾಂಡಾದ 82ರ ಅಜ್ಜಿಗೆ ಮೇ ತಿಂಗಳ ಬಿಸಿಲು ಕಡಿಮೆಯಾಗಿತ್ತೇ?

ಇನ್ನು ನ್ಯಾಯದ ಗತಿ. ಫಲಿತಾಂಶದ ವಿರುದ್ಧ ತಕರಾರು ಅರ್ಜಿ ಹಾಕಲು 45 ದಿನ. ವಿಚಾರಣೆ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆನ್ನುತ್ತದೆ ಕಾಯ್ದೆ. 2023ರ ಮಾಲೂರು ಫಲಿತಾಂಶದ ಮೇಲೆ ಹೈಕೋರ್ಟ್ ತೀರ್ಪು ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದೂ ಸುಪ್ರೀಂ ಕೋರ್ಟಿಗೆ ಹೋಯಿತು. ಶಾಸಕರ ಅವಧಿ ಮಾತ್ರ ಐದೇ ವರ್ಷ.

ಸೌಲಭ್ಯ ಕೇಂದ್ರದಲ್ಲಿ ದೃಢೀಕರಿಸುವ ಅಧಿಕಾರಿ ಎದುರಿಗೇ ಕೂತಿರುತ್ತಾರೆ. ಅಲ್ಲಿಯೂ ಸಹಿ, ಮೊಹರು ತಪ್ಪಿದರೆ ಅಧಿಕಾರಿಗೇ ನೋಟಿಸ್ ಹೋಗಬೇಕು. ಅಲ್ಲಿಯವರೆಗೆ ಮಾಸ್ತರರೇ, 2028ರಲ್ಲಿ ಹೊರ ಲಕೋಟೆ ಅಂಟಿಸುವ ಮುನ್ನ 13ಎ ಮೇಲೆ ಸಹಿ, ಹೆಸರು, ಮೊಹರು ಮೂರನ್ನೂ ಕೇಳಿ ಹಾಕಿಸಿಕೊಳ್ಳಿ.