ರಫ್ ಪುಸ್ತಕ ಎಲ್ಲಿದೆ?

ಹಾಲಾಡಿಯ ಮನೆಗೆ ಟೈಲ್ಸ್ ಹಾಕಿಸುವಾಗ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ನಾಲ್ಕೇ ದಿನದ ರಜೆ. ಹಳೇ ಪೇಪರಿನ ಕಟ್ಟುಗಳನ್ನೆಲ್ಲ ಬಿಚ್ಚಿಯೂ ನೋಡದೆ ಗುಜರಿಯವನಿಗೆ ತೂಗಿ ಹಾಕಿದೆ. ಅದರಲ್ಲಿ ದೊಡ್ಡಮ್ಮನ ಕಟ್ಟೂ ಇತ್ತು. ವಾರಪತ್ರಿಕೆಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ, ಸೂಜಿ ದಾರದಲ್ಲಿ ಹೊಲಿದು ಅವರೇ ಮಾಡಿಕೊಂಡ ಪುಸ್ತಕಗಳವು. ಅಂಚಿನಲ್ಲಿ ಪೆನ್ಸಿಲ್ ಹಿಡಿದು ಪಾತ್ರಗಳ ಜೊತೆ ಮಾಡಿದ ಜಗಳ ಬೇರೆ. ಗೊತ್ತಾಗುವಷ್ಟರಲ್ಲಿ ಗಾಡಿ ಹೋಗಿ ಆಗಿತ್ತು.

"ಅದ್ರಗೆ ಎಂತ ಇತ್ತ್ ಮಗಾ, ಬಿಡ್" ಅಂದರು ದೊಡ್ಡಮ್ಮ.

ಆ ಮೇಲೆ ವೈದೇಹಿಯವರನ್ನು ಓದುವಾಗಲೆಲ್ಲ ನನಗೆ ಆ ಕಟ್ಟು ನೆನಪಾಗುತ್ತೆ. ಅವರು 1945ರಲ್ಲಿ ಹುಟ್ಟಿದ್ದು ಕುಂದಾಪುರದಲ್ಲಿ, ನಮ್ಮೂರಿಂದ ಸುಮಾರು 20 ಕಿಲೋಮೀಟರ್. ಹೆಸರು ಜಾನಕಿ. ಸುಧಾಕ್ಕೆ ಒಂದು ಕಥೆ ಕಳಿಸಿ, ಆಮೇಲೆ ಅದರಲ್ಲಿ ನಿಜವಾಗಿ ನಡೆದದ್ದು ಇದೆಯಲ್ಲ ಅಂತ ಅಳುಕಿ, ಪ್ರಕಟಿಸಬೇಡಿ ಎಂದು ಪತ್ರ ಬರೆದರು. ಸಂಪಾದಕರು ಕಥೆ ಬಿಡಲಿಲ್ಲ. 'ವೈದೇಹಿ' ಅಂತ ಹೆಸರಿಟ್ಟು ಅಚ್ಚು ಹಾಕಿದರು. ಅಂದರೆ ನಮಗೆಲ್ಲ ಗೊತ್ತಿರುವ ಈ ಹೆಸರಿನ ಹಿಂದೆ ಒಂದು ಹಿಂಜರಿಕೆಯ ಕಾಗದ ಇದೆ. ಕಥಾಸಂಕಲನ ಎಷ್ಟು ಸಲ ಓದಿದರೂ ಆ ಹಿಂಜರಿಕೆ ಕಾಣಿಸೋದಿಲ್ಲ.

ನಮ್ಮ ಕೆಲಸದಲ್ಲಿ ಕೋಡ್‌ನ ಪ್ರತಿ ಬದಲಾವಣೆಗೂ ಗಿಟ್‌ನಲ್ಲಿ ದಾಖಲೆ ಇರುತ್ತೆ: ಯಾರು, ಯಾವಾಗ, ಯಾವ ಸಾಲು ಅಳಿಸಿದರು ಅಂತ. ಸಾಹಿತ್ಯದಲ್ಲಿ ನಾವು ಫೈನಲ್ ರಿಲೀಸ್ ಮಾತ್ರ ಓದಿ ತೀರ್ಪು ಕೊಡ್ತೀವಿ. ಇದರಿಂದ ಹೆಚ್ಚು ನಷ್ಟ ಆಗಿರುವುದು ಬರೆಯುವ ಹೆಂಗಸರಿಗೆ. ನವ್ಯದ ಗಂಡಸರು ಭಾಷೆ ಮುರಿದು ಕಟ್ಟಿದರೆ ಅದು 'ಪ್ರಯೋಗ'. ವೈದೇಹಿ ಕುಂದಾಪುರ ಕನ್ನಡವನ್ನು ಕಥೆಯೊಳಗೆ ತಂದರೆ "ಎಷ್ಟು ಸಹಜ, ಮಾತಾಡಿದ ಹಾಗೇ ಬರೀತಾರೆ" ಅನ್ನೋ ಮೆಚ್ಚುಗೆ. ಈ ಮೆಚ್ಚುಗೆ ಬಗ್ಗೆ ನನಗೆ ತಕರಾರಿದೆ. ನಮ್ಮಲ್ಲಿ 'ಇತ್ತ್' ಅಂದರೆ 'ಇದೆ'. ದೊಡ್ಡಮ್ಮನ ಮಾತನ್ನು ಬೆಂಗಳೂರಿನವರು ಓದಿದರೆ 'ಏನಿತ್ತು' ಅಂದುಕೊಳ್ಳುತ್ತಾರೆ, ಅವರು ಹೇಳಿದ್ದು 'ಏನಿದೆ' ಅಂತ. ಒಂದು ಅರ್ಧಾಕ್ಷರದಲ್ಲಿ ಕಾಲವೇ ಬದಲಾಗಿ ಹೋಗುತ್ತೆ. ಅಮ್ಮನ ಮಾತನ್ನು ವಾಟ್ಸಾಪ್‌ನಲ್ಲಿ ಇದ್ದ ಹಾಗೇ ಟೈಪ್ ಮಾಡಲು ಹೋಗಿ ಎಷ್ಟು ಸಲ ಸೋತಿದ್ದೇನೆ! ಆಡುವುದು ಸುಲಭ, ಹೊರಗಿನವರಿಗೂ ಅರ್ಥವಾಗುವ ಹಾಗೆ ಬರೆಯುವುದು ಕಷ್ಟ. ಅವರ 'ಅಸ್ಪೃಶ್ಯರು' ಕಾದಂಬರಿ ಮುಟ್ಟು-ಮಡಿಯ ಪ್ರಶ್ನೆಯನ್ನು ಮೇಲ್ಜಾತಿ ಮನೆಯ ಒಳಗಿನಿಂದಲೇ ಕೇಳುತ್ತೆ. ಅಲ್ಲಿ ಯಾವ ಮಾತು ಊರ ಕನ್ನಡದಲ್ಲಿ, ಯಾವುದು ಪುಸ್ತಕದ ಕನ್ನಡದಲ್ಲಿ ಅನ್ನೋದು ತಾನಾಗಿ ಆದ ಸಂಗತಿ ಅಲ್ಲ, ಬರೆದವರ ಆಯ್ಕೆ. ಆಯ್ಕೆಗೆ ಸಾಕ್ಷಿ ಸಿಗುವುದು ಹೊಡೆದು ಹಾಕಿದ ಸಾಲುಗಳಲ್ಲಿ.

ಒಂದು ಕಥೆಗೆ ಎರಡು ಆವೃತ್ತಿ ಸಿಕ್ಕರೆ ಎಷ್ಟೆಲ್ಲ ಕಾಣುತ್ತೆ ನೋಡಿ. 'ಗುಲಾಬಿ ಟಾಕೀಸ್' ಕಥೆಯಲ್ಲಿ ಸೂಲಗಿತ್ತಿಯ ಹೆಸರು ಲಿಲ್ಲಿಬಾಯಿ, ಗುಲಾಬಿ ಅನ್ನೋದು ಟಾಕೀಸಿನ ಹೆಸರು. 2008ರಲ್ಲಿ ಗಿರೀಶ್ ಕಾಸರವಳ್ಳಿ ಸಿನಿಮಾದಲ್ಲಿ ಗುಲಾಬಿಯೇ ಆ ಹೆಂಗಸು, ಅದೂ ಮುಸ್ಲಿಂ ಹೆಂಗಸು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕರಾವಳಿ ಎಲ್ಲಿಂದ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತೆ. ಹಸ್ತಪ್ರತಿಗಳನ್ನು ಹೀಗೆ ಇಟ್ಟುಕೊಂಡು ಓದುವ ಭಾಗ್ಯ ನಮಗೆ ಯಾಕೆ ಬೇಡ?

'ಇರು' ಅನ್ನುವ ಅರ್ಥದ ಕ್ರಿಯಾಪದವನ್ನೇ ಬಿಟ್ಟು 1968ರಲ್ಲಿ 'ಬಿಟ್ವೀನ್' ಕಾದಂಬರಿ ಬರೆದ ಕ್ರಿಸ್ಟೀನ್ ಬ್ರೂಕ್-ರೋಸ್ ಅವರ ಕಾಗದಪತ್ರ ಟೆಕ್ಸಾಸ್‌ನ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿದೆ. ಅಷ್ಟು ದೂರ ಯಾಕೆ, ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಗೋವಿಂದ ಪೈಗಳ ಪುಸ್ತಕಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಕುಪ್ಪಳಿಯಲ್ಲಿ ಕುವೆಂಪು ಮನೆ ಇದೆ, ಪುತ್ತೂರಿನಲ್ಲಿ ಕಾರಂತರ ಬಾಲವನ ಇದೆ. ಇನ್ನೊಂದು ಕಡೆ ನಂಜನಗೂಡು ತಿರುಮಲಾಂಬ: 1913ರಲ್ಲಿ 'ಸುಶೀಲೆ' ಪ್ರಕಟಿಸಿ, ಸ್ವಂತ ಗ್ರಂಥಮಾಲೆ ನಡೆಸಿದವರು, 1982ರಲ್ಲಿ ತೀರಿಕೊಳ್ಳುವ ಎಷ್ಟೋ ಮೊದಲೇ ಓದುಗರಿಗೆ ಮರೆತು ಹೋಗಿದ್ದರು.

ಇದು ವೈದೇಹಿಯವರಿಗೆ ನಮಗಿಂತ ಮೊದಲೇ ಗೊತ್ತಿತ್ತು ಅನ್ನಿಸುತ್ತೆ. ಸೇಡಿಯಾಪು ಕೃಷ್ಣಭಟ್ಟರ, ಕೋಟ ಲಕ್ಷ್ಮೀನಾರಾಯಣ ಕಾರಂತರ, ಬಿ.ವಿ. ಕಾರಂತರ ನೆನಪುಗಳನ್ನು ಕೂತು ಕೇಳಿ ಬರೆದುಕೊಂಡವರು ಅವರು. 'ಗಿರಿಬಾಲೆ' ಎಂದು ಬರೆಯುತ್ತಿದ್ದ ಉಡುಪಿಯ ಸರಸ್ವತಿಬಾಯಿ ರಾಜವಾಡೆ ಅವರ ಬದುಕು-ಬರಹವನ್ನು 'ಮುಂತಾದ ಕೆಲ ಪುಟಗಳು' ಅಂತ ಒಟ್ಟು ಮಾಡಿಕೊಟ್ಟವರೂ ಅವರೇ. ತಮ್ಮ ಕಥೆಯ ಸಮಯ ಬದಿಗಿಟ್ಟು ಊರಿನ ಆರ್ಕೈವ್ ಕೆಲಸ ಮಾಡಿದರು. ಅವರ ಕರಡುಗಳಿಗೆ ಉಡುಪಿ-ಕುಂದಾಪುರದಲ್ಲಿ ಒಂದು ಕಪಾಟು, ಒಂದು ಸ್ಕ್ಯಾನರ್ ಹೊಂದಿಸುವುದು ನಮ್ಮ ಸರದಿ. ವೀಕೆಂಡಿನಲ್ಲಿ ಸೈಡ್ ಪ್ರಾಜೆಕ್ಟ್ ಮಾಡುವ ಇಷ್ಟು ಜನ ಇದ್ದೀವಿ, ಇದೊಂದು ಆಗದ ಕೆಲಸವಾ?

ಕಳೆದ ತಿಂಗಳು ಊರಿಗೆ ಹೋದಾಗ ದೊಡ್ಡಮ್ಮನಿಗೆ ಒಂದು ಉದ್ದ ನೋಟ್‌ಬುಕ್ ಕೊಟ್ಟೆ, ನೆನಪಿದ್ದಷ್ಟು ಬರೆಯಿರಿ ಅಂತ. ಮೊದಲು ನಕ್ಕರು. ಬರುವ ದಿನ ಕದ್ದು ನೋಡಿದೆ: ಒಂದು ಪುಟ ತುಂಬಿತ್ತು, ಮೂರು ಸಾಲು ಹೊಡೆದು ಹಾಕಿದ್ದರು. ಆ ಮೂರು ಸಾಲಿನ ಫೋಟೋ ನನ್ನ ಫೋನಿನಲ್ಲಿದೆ.